ಕಟ್ಟಿದವರೇ ಬಿಚ್ಚಬೇಕಾದ ಚೀಟಿ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಬರೆದರೆ ಮನೆಯವರು ಬೇಸರಪಟ್ಟಾರು ಎಂದೂ ಅಲ್ಲ. ಒಂದಾನೊಂದು ಕಡೆ, ಒಂದು ಕೆಂಪು ಚೀಟಿಯ ಮೇಲೆ, ಅವರು ಸ್ವಂತ ಕೈಯಿಂದ ತಮ್ಮ ಹೆಸರು ಬರೆದರು. ಆ ಒಂದು ಬರಹದ ದೆಸೆಯಿಂದ ನಿವೃತ್ತಿಯ ಅಷ್ಟೂ ವರ್ಷಗಳ ನೆಮ್ಮದಿ ಕಳೆದುಕೊಂಡರು. ಈಗ ಇನ್ನೊಂದು ಕಡೆ ಅದೇ ಹೆಸರು ಬರೆದು ಅವರನ್ನು ಮತ್ತೆ ಸಿಕ್ಕಿಸುವ ಧೈರ್ಯ ನನಗಿಲ್ಲ.

ಮಣ್ಣೂರಿನವರು ಅವರನ್ನು ಅಟಂ ಕಾಕಾ ಎನ್ನುತ್ತಿದ್ದರು. ಮೊದಮೊದಲು ಹೆಸರಿನ ನಡುವೆ ‘ಬಾಂಬ್’ ಎಂಬ ಮಾತೂ ಇತ್ತು. ಬಳಕೆಯಲ್ಲಿ ಸವೆದು ಉದುರಿಹೋಯಿತು. ದೂರದ ಒಂದು ಅಣುವಿದ್ಯುತ್ ಸ್ಥಾವರದಲ್ಲಿ, ಅದರ ಅತ್ಯಂತ ಹಳೆಯ ಘಟಕದಲ್ಲಿ, ಹುಡುಗನಾಗಿ ಸೇರಿ ತಲೆ ಬೆಳ್ಳಗಾಗುವ ತನಕ ಕೆಲಸ ಮಾಡಿ, ಕೊನೆಗೆ ಹುಟ್ಟಿದೂರಿಗೆ ಬಂದು ನಮ್ಮ ಪಕ್ಕದ ಮನೆಯಲ್ಲಿ ನೆಲೆಸಿದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅವರಿಗೂ ನನಗೂ ನಡುವೆ ಒಂದೇ ಗೋಡೆ. ಅಣುವಿಗೂ ವ್ಯಾಕರಣಕ್ಕೂ ಅದಕ್ಕಿಂತ ಹೆಚ್ಚಿನ ಅಂತರ ಬೇಕಾಗುತ್ತದೆಂದು ಅಂದು ನನಗೆ ತಿಳಿದಿರಲಿಲ್ಲ.

ಮೊದಲ ಭೇಟಿಯಲ್ಲಿ ನೆರೆಯವನ ಧರ್ಮದಂತೆ ನಾನು ನೀರು ಬಿಡುವ ಹೊತ್ತು ಹೇಳಿದೆ: “ನಾಳಿ ಮುಂಜಾನಿ ನಳ ಬರತದ್ರಿ.”

ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು: “ನಾಳಿ ಮುಂಜಾನಿ ನಳ ಬರತದ.”

ಹೇಳಿ ನಿಂತರು. ನಾನೂ ನಿಂತೆ. ಅಣಕಿಸುತ್ತಿದ್ದಾರೆಯೇ ಎಂದು ನೋಡಿದೆ. ಮುಖದಲ್ಲಿ ನಗೆಯ ಸುಳಿವಿಲ್ಲ. ಬಿಸಿಲಿಗೆ ಇಬ್ಬರ ನೆರಳೂ ಸಣ್ಣಗಾಗುತ್ತ ಬಂದವು. ಕೊನೆಗೆ ಒಳಗಿನಿಂದ ಅವರ ಹೆಂಡತಿ ಕೂಗಿದರು: “ಸರಿ ಅನ್ರಿ ಮಾಸ್ತರ್ರ. ನೀವು ಸರಿ ಅನ್ನೂತನಕ ಅವರು ಅಲ್ಲಿಂದ ಕದಲೂದಿಲ್ಲ.”

“ಸರಿ,” ಎಂದೆ. ಅವರು ಕೃತಜ್ಞತೆಯಿಂದ ತಲೆಯಾಡಿಸಿ ಒಳಗೆ ಹೋದರು. ಆ ತಾಯಿಯನ್ನು ಅಂದಿನಿಂದ ನಾನು, ನಮ್ಮ ಕಡೆ ಅತ್ತಿಗೆಗೆ ಅನ್ನುವಂತೆ, ವೈನಿ ಎನ್ನುತ್ತ ಬಂದೆ.

ಅದು ಸ್ಥಾವರದ ಪದ್ಧತಿಯಂತೆ. ಒಬ್ಬ ಹೇಳಬೇಕು, ಕೇಳಿದವ ಅದನ್ನೇ ತಿರುಗಿ ಹೇಳಬೇಕು, ಮೊದಲು ಹೇಳಿದವ ‘ಸರಿ’ ಎನ್ನಬೇಕು. ಆ ಮೂರನೆಯ ಮಾತು ಬೀಳುವ ತನಕ ಯಾವ ಗುಂಡಿಯನ್ನೂ ಒತ್ತುವಂತಿಲ್ಲ, ಯಾವ ಕವಾಟವನ್ನೂ ತಿರುಗಿಸುವಂತಿಲ್ಲ. ನನ್ನ ಸೇವಾವಧಿಯಲ್ಲಿ ಯಾವ ವಿದ್ಯಾರ್ಥಿಯೂ ನನ್ನ ಒಂದು ವಾಕ್ಯವನ್ನೂ ತಿರುಗಿ ಹೇಳಿದವನಲ್ಲ. ನಿವೃತ್ತಿಯ ಮೇಲೆ ಇಂಥ ಒಬ್ಬರು ದೊರೆತದ್ದು ನನ್ನ ಸುಕೃತವೆಂದು ಭಾವಿಸಿದೆ. ನಮ್ಮೂರ ಒಂದು ಮದುವೆಯಲ್ಲಿ ಅವರು ಹಿರಿಯರಾಗಿ ಅಯ್ಯನವರ ಎದುರು ಕೂತು ಮಂತ್ರವನ್ನೆಲ್ಲ ತಿರುಗಿ ಹೇಳಿ ಕಾಯುತ್ತ ಕೂತುಬಿಟ್ಟರು. ಅಯ್ಯನವರು ತಬ್ಬಿಬ್ಬಾಗಿ, ಅಕ್ಕಿಕಾಳು ಹಿಡಿದ ಜನರನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ಸಣ್ಣ ದನಿಯಲ್ಲಿ “ಸರಿ” ಎಂದರು. ಮಂತ್ರವನ್ನು ಖಾತ್ರಿ ಮಾಡಿಕೊಂಡು ಆದ ಮದುವೆ ನಮ್ಮ ತಾಲೂಕಿನಲ್ಲಿ ಅದೊಂದೇ ಇರಬೇಕು. ಗಂಡ ಹೆಂಡತಿ ಇಂದಿಗೂ ಚೆನ್ನಾಗಿದ್ದಾರೆ.

ಯಾವುದನ್ನು ಮುಟ್ಟುವುದಿದ್ದರೂ ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದರು. ಗೋಡೆ, ಕೊಡ, ಬಾಗಿಲ ಚಿಲಕ, ಜ್ವರ ಬಂದ ಮೊಮ್ಮಗುವಿನ ಹಣೆ, ಎಲ್ಲವನ್ನೂ. ಅಂಗೈ ಇಟ್ಟರೆ, ಕರೆಂಟು ಇದ್ದಾಗ ಕೈ ತಾನೇ ಹಿಡಿದುಕೊಂಡುಬಿಡುತ್ತದಂತೆ. ಹಿಂಬದಿ ಇಟ್ಟರೆ ತಾನೇ ಬಿಟ್ಟುಬಿಡುತ್ತದಂತೆ. ಹಾಗೆಯೇ, ಗಡಿಯಾರ ನೋಡುವ ಮೊದಲು ಅದರ ಗಾಜಿನ ಮೇಲೆ ಬೆರಳ ಗಿಣ್ಣಿನಿಂದ ಟಕ್ಕೆಂದು ತಟ್ಟುತ್ತಿದ್ದರು. ಹಳೆಯ ಘಟಕದ ಮೀಟರುಗಳ ಮುಳ್ಳು ಒಮ್ಮೊಮ್ಮೆ ಸಿಕ್ಕಿ ನಿಂತಿರುತ್ತದೆ. ತಟ್ಟಿ ನೋಡದೆ ಅದರ ಮಾತು ನಂಬಬಾರದು. ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಿಂತುಹೋದ ಒಂದು ಗೋಡೆ ಗಡಿಯಾರವಿದೆ. ಒಂದು ದಿನ ಬಂದವರೇ ಅದನ್ನು ತಟ್ಟಿ, ಕೆಳಗೆ ಕೂತು ಚಹಾ ಕುಡಿದರು. ಗಡಿಯಾರ ನಡೆಯತೊಡಗಿತು. ಅವರು ಕೂತಿರುವಷ್ಟು ಹೊತ್ತೂ ನಡೆಯಿತು. ಎದ್ದುಹೋದ ಮೇಲೆ ನಿಂತಿತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಯಂತ್ರಗಳ ವಿಷಯದಲ್ಲಿ ಕನ್ನಡ ಪಂಡಿತನ ಸಾಕ್ಷ್ಯವನ್ನು ಯಾರು ಪರಿಗಣಿಸುತ್ತಾರೆ?

ಆ ಹಳೆಯ ಘಟಕವನ್ನು ಅವರು ‘ಮುದುಕಿ’ ಎನ್ನುತ್ತಿದ್ದರು. ವೈನಿಯ ಎದುರಿಗೇ ಎನ್ನುತ್ತಿದ್ದರು. ವೈನಿ ಸವತಿಯ ಸುದ್ದಿ ಕೇಳುವ ಹಾಗೆ ಬೇರೆ ಕಡೆ ನೋಡುತ್ತ ಕೇಳುತ್ತಿದ್ದರು.

“ಹೊಸಾ ಯಂತ್ರ ಇದ್ರ ಪುಸ್ತಕ ನೋಡಿ ನಡಸಬಹುದು ಮಾಸ್ತರ್ರ. ಮುದುಕಿ ಪುಸ್ತಕ ಓದಿಲ್ಲ. ಆಕೀ ಮಾರಿ ನೋಡಿ ನಡಸಬೇಕು.”

“ಮಾರಿಯಾಗ ಏನ್ ಕಾಣತದ್ರಿ?”

“ಏನೂ ಕಾಣೂದಿಲ್ಲ, ಅದಽ ಮಜಾ. ಪೈಪು ಹೊರಗಿಂದ ಮದುವಿ ದಿನ ಹ್ಯಾಂಗಿತ್ತೋ ಹಂಗ ಇರತದ. ಒಳಗಿಂದ ನೀರು ನೆಕ್ಕಿ ನೆಕ್ಕಿ ತೆಳ್ಳಗ ಮಾಡಿರತದ. ಅದಕ್ಕ ಮೈ ಮ್ಯಾಲ ಒಂದು ಯಂತ್ರ ಇಟ್ಟು, ಎಷ್ಟ ದಪ್ಪ ಉಳದೀಯವ್ವಾ ಅಂತ ಕೇಳಬೇಕು.”

ಹೀಗೆ ಹೇಳಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಆ ಯಂತ್ರ ಅವರ ಹತ್ತಿರ ಇಲ್ಲದ್ದಕ್ಕೆ ನಾನು ಶಿವನಿಗೆ ಋಣಿ.

ಅಡುಗೆಮನೆಯಲ್ಲಿ ವೈನಿ ಗ್ಯಾಸು ಆರಿಸಿದ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತಿದ್ದರು. “ಕೇಳಿದ್ರೇನು? ಆರಿಸಿದ್ಲು, ಮುಗೀತು. ನಮ್ಮ ಒಲಿ ಹಂಗಲ್ಲ. ಬಂದ್ ಮಾಡಿದ ಮ್ಯಾಲೂ ಒಳಗ ಕಾವು ಇರತದ. ಯಾರೂ ಉರಿ ಹಚ್ಚಿಲ್ಲ, ಆದ್ರೂ ಕಾಯತದ. ನೀರ ಹಾಕ್ತಾನ ಇರಬೇಕು. ಇವತ್ತ ಹಾಕಿ ನಾಳಿ ಬಿಟ್ರ ನಡಿಯೂದಿಲ್ಲ.”

“ಎಲ್ಲೀತನಕ ಹಾಕೂದ್ರಿ?”

“ಅದು ಸಾಕು ಅನ್ನೂತನಕ.”

ಅವರ ಕೊರಳಲ್ಲಿ ಎಲ್ಲ ಲಿಂಗವಂತರಂತೆ ಇಷ್ಟಲಿಂಗವಿತ್ತು. ಸ್ಥಾವರದ ಒಳಭಾಗಕ್ಕೆ ಹೋಗುವವರು ಗಡಿಯಾರ, ಉಂಗುರ, ಉಡುದಾರ ಎಲ್ಲವನ್ನೂ ಹೊರಗೆ ಬಿಟ್ಟು, ಅವರು ಕೊಡುವ ಬಟ್ಟೆ ತೊಟ್ಟು ಹೋಗಬೇಕು. ಲಿಂಗವೋ, ಮೈಯಿಂದ ಅಗಲಬಾರದು. ಹೊಸದಾಗಿ ಸೇರಿದ ದಿನವೇ ಬಾಗಿಲಲ್ಲಿ ಈ ಧರ್ಮಸಂಕಟ. ಅಲ್ಲಿಯ ಅಧಿಕಾರಿ ಒಳ್ಳೆಯವನು. ಏನಿದು ಎಂದು ಕೇಳಿ, ತಿಳಿದುಕೊಂಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಟ್ಟೆಯ ಒಳಗೆ ಇಟ್ಟುಕೊಳ್ಳಲು ಒಪ್ಪಿದ. ಆದರೆ ಹೊರಗೆ ಬರುವಾಗ ಮನುಷ್ಯನ ಕೈಕಾಲು ಹೇಗೆ ವಿಕಿರಣ ಅಂಟಿದೆಯೇ ಎಂದು ನೋಡುವ ಯಂತ್ರದ ಎದುರು ಒಡ್ಡಬೇಕೋ ಹಾಗೆ ಲಿಂಗವನ್ನೂ ಒಡ್ಡಬೇಕು.

“ದಿನಾ ಸಂಜಿಗೆ ಶಿವನ ತಪಾಸಣಿ ಆಗ್ತಿತ್ತು ಮಾಸ್ತರ್ರ. ಒಂದ ದಿನಾನೂ ಶಿವ ಫೇಲ್ ಆಗಲಿಲ್ಲ. ನಾ ಎರಡ ಸಲ ಆಗೇನಿ. ತಿಕ್ಕಿ ತಿಕ್ಕಿ ತೊಳದ್ರು, ಚರ್ಮ ಕೆಂಪಗಾಗೂತನಕ.”

ಇನ್ನು ಚೀಟಿಯ ವಿಷಯ.

ನಮ್ಮ ಕಡೆ ಚೀಟಿ ಕಟ್ಟಿಸುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ಕೂಸು ಬೆಚ್ಚಿತು, ಎಮ್ಮೆ ಹಾಲು ಬತ್ತಿಸಿತು, ಸೊಸೆ ಮಾತು ಬಿಟ್ಟಳು ಎಂದರೆ ಅಯ್ಯನ ಹತ್ತಿರವೋ ದರ್ಗಾದ ಮುಜಾವರರ ಹತ್ತಿರವೋ ಹೋಗಿ, ಮಂತ್ರಿಸಿದ ಕಾಗದವನ್ನು ದಾರದಲ್ಲಿ ಕಟ್ಟಿಸಿಕೊಂಡು ಬರುವುದು. ಸ್ಥಾವರದಲ್ಲೂ ಚೀಟಿ ಕಟ್ಟುತ್ತಾರೆ. ಒಳಗೆ ಯಾರಾದರೂ ರಿಪೇರಿಗೆ ಇಳಿದಿದ್ದರೆ, ಹೊರಗಿನವರು ತಿಳಿಯದೆ ಯಂತ್ರ ಚಾಲೂ ಮಾಡಬಾರದೆಂದು ಅದರ ಕವಾಟಕ್ಕೆ ಒಂದು ಕೆಂಪು ಚೀಟಿ: ‘ಮುಟ್ಟಬೇಡಿ, ಒಳಗೆ ಮನುಷ್ಯರಿದ್ದಾರೆ.’ ಕೆಳಗೆ ಕಟ್ಟಿದವರ ಹೆಸರು. ಯಾರು ಕಟ್ಟಿದರೋ ಅವರೇ ಬಿಚ್ಚಬೇಕು. ದೊಡ್ಡ ಸಾಹೇಬನೇ ಬಂದರೂ ಬೇರೆಯವರ ಚೀಟಿಗೆ ಕೈ ಹಚ್ಚುವಂತಿಲ್ಲ.

ಊರಿಗೆ ಬಂದ ಮೇಲೂ ಅವರು ಈ ಪದ್ಧತಿ ಬಿಡಲಿಲ್ಲ. ಹೊಲದ ಬಾವಿಗೆ ಆಳು ಇಳಿದಾಗ ಮೋಟಾರಿನ ಪೆಟ್ಟಿಗೆಗೆ ಕೆಂಪು ಚೀಟಿ ಕಟ್ಟಿ ಅದರ ಕಾವಲು ಕೂತರು. ಗೊಬ್ಬೂರಿನ ಒಬ್ಬ ಮುದುಕಿ (ಇದು ನಿಜವಾದ ಮುದುಕಿ) ಆ ದಾರಿಯಲ್ಲಿ ಹೋಗುತ್ತಿದ್ದವಳು ನಿಂತಳು.

“ಯಾವ ದರ್ಗಾದ್ದು ಯಪ್ಪಾ ಈ ಚೀಟಿ?”

“ದರ್ಗಾದ್ದಲ್ಲಬೇ. ನಾನಽ ಕಟ್ಟೇನಿ.”

“ನೀನಽ ಕಟ್ಟೀಯಾ!” ಮುದುಕಿ ಕೈಮುಗಿದಳು. “ಯಾರರೆ ಬಿಚ್ಚಿದ್ರ?”

“ಬಿಚ್ಚಬಾರದು. ಕಟ್ಟಿದಾಂವಽ ಬಿಚ್ಚಬೇಕು. ಇಲ್ಲಂದ್ರ ಒಳಗಿನ ಜೀವಕ್ಕ ಧೋಕಾ.”

ಪರಮ ಸತ್ಯವನ್ನೇ ಹೇಳಿದರು. ಎಲ್ಲ ಮಂತ್ರವಾದಿಗಳೂ ಹೇಳುವುದು ಇದನ್ನೇ ಆದ್ದರಿಂದ ಮುದುಕಿಗೆ ಯಾವ ಸಂಶಯವೂ ಉಳಿಯಲಿಲ್ಲ. ಮರುದಿನ ಎಮ್ಮೆಯನ್ನು ಹೊಡೆದುಕೊಂಡೇ ಬಂದಳು. ಗಬ್ಬದ ಎಮ್ಮೆ, ಹಿಂದಿನ ಕರು ದಕ್ಕಿರಲಿಲ್ಲ. ಅವರು ಸ್ಥಾವರದ ನಿಯಮಗಳನ್ನು ವಿವರಿಸಿದರು, ಅಣುಶಕ್ತಿಯ ಮೂಲತತ್ತ್ವ ಹೇಳಿದರು. ಮುದುಕಿ ಎಲ್ಲಕ್ಕೂ “ಹೌದ್ರೀ ಯಪ್ಪಾ” ಎಂದಳು, ಎಮ್ಮೆಯನ್ನು ಮಾತ್ರ ತೆಗೆದುಕೊಂಡು ಹೋಗಲಿಲ್ಲ. ಕೊನೆಗೆ ಅವರು ಎಮ್ಮೆಯ ಹೊಟ್ಟೆಯ ಮೇಲೆ ಕೈಯ ಹಿಂಬದಿ ಇಟ್ಟು ಬಹಳ ಹೊತ್ತು ನಿಂತರು.

“ಒಳಗ ಜೀವ ಅದ, ಖರೇ,” ಎಂದರು ನನ್ನ ಕಡೆ ತಿರುಗಿ. “ನಿಯಮದ ಪ್ರಕಾರ ಕಟ್ಟಬಹುದು.”

ಎಮ್ಮೆಯ ಕೊರಳಿಗೆ ಕೆಂಪು ಚೀಟಿ ಬಿತ್ತು. ಕರು ಹುಟ್ಟಿದ ಸುದ್ದಿ ಬಂದ ದಿನ ಬಸ್ಸು ಹಿಡಿದು ಗೊಬ್ಬೂರಿಗೆ ಹೋಗಿ ತಮ್ಮ ಕೈಯಿಂದಲೇ ಬಿಚ್ಚಿ ಬಂದರು. ಮುದುಕಿ ಸೇರುಗಟ್ಟಲೆ ಶೇಂಗಾ ಕಟ್ಟಿಕೊಟ್ಟಿದ್ದಳು. ಅದನ್ನು ನಾವು ಕಟ್ಟೆಯ ಮೇಲೆ ಕೂತು ಸುಲಿಯುತ್ತಿರುವಾಗ ನಾನು ನಗುತ್ತ, “ಒಂದ ಚೀಟಿ ಬಿಚ್ಚಾಕ ಅಷ್ಟ ದೂರ ಹೋಗಬೇಕೇನ್ರಿ?” ಎಂದೆ.

ಅವರು ನಗಲಿಲ್ಲ. “ಒಂದು ಬಿಚ್ಚೂದು ಉಳದದ ಮಾಸ್ತರ್ರ. ಅದಕ್ಕ ಉಳದದ್ದೆಲ್ಲಾ ಬಿಚ್ಚಿ ಬರ್ತೇನಿ,” ಎಂದರು. ಮಡಿಲಿನ ಸಿಪ್ಪೆ ಕೊಡವಿ ಹೇಳಿದರು: “ನಾ ಇನ್ನೂ ಒಳಗ ಅದೇನಿ.”

ಮೊದಲು ನಾನು ಇದನ್ನು ವೇದಾಂತವೆಂದು ತಿಳಿದೆ. ನಮ್ಮ ಕಡೆ ನಿವೃತ್ತರಾದವರಿಗೆ ಅದೊಂದು ಸಾಮಾನ್ಯ ಕಾಯಿಲೆ. ಆದರೆ ಅವರು ಹೇಳಿದ್ದು ಅಕ್ಷರಶಃ.

ಜೇವರ್ಗಿ ಕಡೆಯ ನೆಲೋಗಿಯವನೊಬ್ಬ ಅವರ ಕೈಕೆಳಗೆ ಕೆಲಸಕ್ಕಿದ್ದ. ಇವರ ಸೇವೆಯ ಕೊನೆಯ ದಿನ, ಕೆಳಗಿನ ಒಂದು ಕೋಣೆಯಲ್ಲಿ ದೊಡ್ಡ ಪೈಪಿನ ಹಿಂದೆ ನೀರು ತೊಟ್ಟಿಕ್ಕುತ್ತಿದ್ದ ಜಾಗವನ್ನು ಬಿಗಿ ಮಾಡಲು ಅವನು ನುಸುಳಿದ. ಇವರು ಅಲ್ಲಿಯ ಕವಾಟಕ್ಕೆ ಕೆಂಪು ಚೀಟಿ ಕಟ್ಟಿ, ಹೆಸರು ಬರೆದು, ಕಾಯುತ್ತ ನಿಂತರು. ಅವನು ಕೆಲಸ ಮುಗಿಸಿ ಹೊರಗೆ ಬಂದ. ಇವರು ಬಿಚ್ಚಲು ಕೈ ಎತ್ತುವಷ್ಟರಲ್ಲಿ ಮೇಲಿನಿಂದ ಜನ ಬಂದರು: ಬನ್ನಿ ಬನ್ನಿ, ಸಾಹೇಬರು ಕಾಯುತ್ತಿದ್ದಾರೆ, ಶಾಲು ತಂದಿದ್ದಾರೆ, ಫೋಟೋದವನು ಬಂದಿದ್ದಾನೆ. ಹೂವಿನ ಹಾರ, ಹಣ್ಣಿನ ಬುಟ್ಟಿ, ಭಾಷಣ. ಭಾಷಣದಲ್ಲಿ, ಇವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ ಎಂದು ಸಾಹೇಬರು ಹೇಳಿದರಂತೆ. ಚೀಟಿ ನೆನಪಾದದ್ದು ರೈಲಿನಲ್ಲಿ.

ಫೋನು ಮಾಡಿದರು. “ಎಲ್ಲಾ ಬಿಚ್ಚಿ ಆಗ್ಯದ, ಕಂಪ್ಯೂಟರಿನಾಗ ಒಂದೂ ಉಳದಿಲ್ಲ, ಆರಾಮ ಇರ್ರಿ” ಎಂಬ ಉತ್ತರ ಬಂತು. ಚೀಟಿಗಳ ವ್ಯವಹಾರ ಕಂಪ್ಯೂಟರಿಗೆ ಹೋಗುತ್ತಿದ್ದ ಕಾಲ ಅದು. ಕೈಬರಹದ ಚೀಟಿ ಕಂಪ್ಯೂಟರಿನ ಪಾಲಿಗೆ ಇರಲೇ ಇಲ್ಲ. ಅದರ ಬೆನ್ನಿಗೇ ಮುದುಕಿಯನ್ನು ದೊಡ್ಡ ರಿಪೇರಿಗೆಂದು ಬಂದ್ ಮಾಡಿದರು. ಸವೆದ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕುವ, ವರ್ಷಗಟ್ಟಲೆಯ ಕೆಲಸ. ಕೆಳಗಿನ ಆ ಕೋಣೆಗೆ ಬೀಗ ಬಿತ್ತು. ನೆಲೋಗಿಯವನಿಗೆ ಬೇರೆ ಕಡೆ ವರ್ಗವಾಯಿತು.

“ಆ ಹುಡುಗ ಹೊರಗ ಬಂದಾನಲ್ರಿ,” ಎಂದೆ. “ಮತ್ತ ಒಳಗ ಯಾರದಾರ?”

“ಚೀಟಿ ಮ್ಯಾಲ ಯಾರ ಹೆಸರದ? ನನ್ನದು. ಬಿಚ್ಚಿಲ್ಲ ಅಂದ್ರ ನಾ ಹೊರಗ ಬಂದಿಲ್ಲ.”

ಒಮ್ಮೆ ಹೇಳದೆ ಕೇಳದೆ ಅಲ್ಲಿಗೇ ಹೋಗಿ ಬಂದರು. ಬಂದ ಮೇಲೆ ಹೇಳಿದರು: “ಗೇಟಿನಾಂವ ಪಾಸ್ ಎಲ್ಲಿ ಅಂದ. ಒಳಗ ಇದ್ದಾವಗ ಪಾಸ್ ಎದಕ್ಕ ಅಂದೆ. ಒಳಗಿದ್ರ ಇಲ್ಲಿ ಹ್ಯಾಂಗ ನಿಂತೀರಿ ಅಂದ. ಅದಽ ನನ್ನ ತಕರಾರು ಅಂದೆ. ಪಾಪ, ಚಹಾ ಕುಡಿಸಿ ಬಸ್ಸಿಗೆ ಹತ್ತಿಸಿದ.”

ನಾನು ನಕ್ಕೆ. ವೈನಿ ನಗಲಿಲ್ಲ. ಗಂಡ ಒಳಗೆ ಹೋದ ಮೇಲೆ ಬಾಗಿಲಲ್ಲಿ ನಿಂತು ಹೇಳಿದರು: “ಎಲ್ಲಾರೂ ಅಂತಾರ, ನಿಮ್ಮ ಯಜಮಾನ್ರು ರಿಟೈರ್ ಆಗಿ ಮನಿಗೆ ಬಂದ್ರಲ್ಲವಾ ಅಂತ. ನಾ ಇನ್ನೂ ಕಾಯಾಕತ್ತೇನ್ರಿ ಮಾಸ್ತರ್ರ. ಬಾಜೂಕ ಕೂತಿರ್ತಾರ. ಕರದ್ರ ಅಲ್ಲಿಂದ ಓ ಅಂತಾರ.”

ಅಲ್ಲಿಂದ ಎಂದರೆ ಏನೆಂದು ನನಗೆ ತಿಳಿಯಲು ಒಂದು ಬೇಸಿಗೆ ಬೇಕಾಯಿತು.

ಅವರ ಮನೆಯ ಮುಂದೆ ಶಹಾಬಾದಿ ಫರಸಿಯ ಕಟ್ಟೆಯಿದೆ. ಏಪ್ರಿಲ್ ಬಂತೆಂದರೆ ಆ ಕಲ್ಲಿನ ಮೇಲೆ ನಾಯಿಯೂ ಮಲಗುವುದಿಲ್ಲ. ಅವರು ಮಟಮಟ ಮಧ್ಯಾಹ್ನ ಅದರ ಮೇಲೆ ಕೂರುತ್ತಿದ್ದರು. ಮುದುಕಿಯ ಕೋಣೆಗಿಂತ ಇದು ತಂಪು ಎನ್ನುತ್ತಿದ್ದರು. ನಾನು ನಮ್ಮ ತಲೆಬಾಗಿಲ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಭೀಮೆಯ ಕಡೆಯಿಂದ ಕಾದ ಗಾಳಿ ಬೀಸುತ್ತಿತ್ತು.

“ಎರಡನೇ ಪಂಪ ಚಾಲೂ,” ಎಂದರು ಅವರು, ಎದುರಿನ ಖಾಲಿ ಗೋಡೆಗೆ.

ತಲೆ ಓರೆ ಮಾಡಿ ಕಾದರು. ಸ್ವಲ್ಪ ಹೊತ್ತಾದ ಮೇಲೆ, ‘ಸರಿ’ ಕೇಳಿಸಿಕೊಂಡವರಂತೆ ತಲೆಯಾಡಿಸಿದರು.

“ಕೆಳಗಿನ ಕೋಣಿ ಉಷ್ಣ ಏರಾಕತ್ತದ.” ಮತ್ತೆ ಕಾದರು. ಮತ್ತೆ ತಲೆಯಾಡಿಸಿದರು.

ಮುಪ್ಪಿನಲ್ಲಿ ತಮ್ಮಷ್ಟಕ್ಕೆ ಮಾತಾಡುವವರನ್ನು ನಾನು ಬಹಳ ಕಂಡಿದ್ದೇನೆ. ಕೆಲವೊಮ್ಮೆ ಆ ಗುಂಪಿಗೆ ನಾನೂ ಸೇರುತ್ತೇನೆ. ಆದರೆ ಇವರು ಮಾತಾಡುತ್ತಿರಲಿಲ್ಲ. ತಿರುಗಿ ಹೇಳುತ್ತಿದ್ದರು. ದನಿಯಲ್ಲಿಯೇ ಅದು ಗೊತ್ತಾಗುತ್ತಿತ್ತು. ತಿರುಗಿ ಹೇಳಬೇಕಾದರೆ ಮೊದಲು ಯಾರಾದರೂ ಹೇಳಿರಬೇಕಲ್ಲ?

“ಯಾರ ಹೇಳಿದ್ರು ನಿಮಗ?” ಎಂದು ಕೇಳಿದೆ.

“ನನಗೇನ ಗೊತ್ತ್ರಿ? ನಾ ಬರೇ ತಿರುಗಿ ಹೇಳಾಂವ,” ಎಂದರು, ಅದು ತಮ್ಮ ಹುದ್ದೆಗೆ ಮೀರಿದ ಪ್ರಶ್ನೆ ಎಂಬಂತೆ.

ಮರುವರ್ಷ ಚಳಿಗಾಲದಲ್ಲಿ ಅವರು ಬಹಳ ಸೊರಗಿದರು. ಹೊರಗಿನಿಂದ ಹಾಗೇ ಇದ್ದರು. ಅವರ ಭಾಷೆಯಲ್ಲಿಯೇ ಹೇಳುವುದಾದರೆ, ಒಳಗಿನಿಂದ ತೆಳ್ಳಗಾಗಿದ್ದರು. ಎಳ್ಳಮಾಸಿಯ ಹಬ್ಬಕ್ಕೆ ಎಲ್ಲರೂ ಹೊಲಕ್ಕೆ ಹೋಗಿದ್ದಾಗ ಅವರು ಹೋಗಲಿಲ್ಲ. ಜೊತೆಗೆ ನಾನು ಉಳಿದೆ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಒಮ್ಮೆಲೇ ನೆಟ್ಟಗಾದರು.

“ಹೊರಗ ಬರ್ತೇನಿ,” ಎಂದರು.

ತಲೆ ಓರೆ ಮಾಡಿದರು. ಕಾದರು. ಮೊದಲೆಲ್ಲ ತಲೆಯಾಡಿಸುವ ಹೊತ್ತು ಬಂತು, ಹೋಯಿತು. ಮತ್ತೊಮ್ಮೆ, ಕವಾಟದ ಆ ಕಡೆಗೆ ಕೇಳಿಸಬೇಕೆಂಬಂತೆ ಗಟ್ಟಿಯಾಗಿ: “ಹೊರಗ ಬರ್ತೇನಿ.”

ಏನೂ ಇಲ್ಲ. ನನ್ನ ಕಡೆ ತಿರುಗಿದ ಆ ಮುಖವನ್ನು ನಾನು ಮರೆಯಲಾರೆ. ಶಾಲೆ ಬಿಟ್ಟ ಮೇಲೆ, ಕರೆದೊಯ್ಯಲು ಯಾರೂ ಬಾರದೆ ಗೇಟಿನಲ್ಲಿ ನಿಂತ ಮಕ್ಕಳ ಮುಖ ಹಾಗಿರುತ್ತದೆ.

“ಬಾ ಅಂದ್ರು ಮಾಸ್ತರ್ರ. ತಿರುಗಿ ಹೇಳಿದೆ. ಯಾರೂ ಸರಿ ಅನ್ನವಲ್ರು.”

ನಾನು ‘ಸರಿ’ ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. “ನೀವಲ್ಲ.”

ಆ ವಾರವೇ ಹೋದರು. ಮುಂಜಾನೆ ವೈನಿ ಚಹಾ ತಂದಾಗ ಕಟ್ಟೆಯ ಮೇಲೆ ಗೋಡೆಗೆ ಒರಗಿದ ಹಾಗೇ ಇದ್ದರಂತೆ, ಒಂದು ಕೈಯ ಹಿಂಬದಿ ಕಲ್ಲಿಗೆ ಹಚ್ಚಿಕೊಂಡು. ಅಯ್ಯನವರು ಬಂದರು, ಹೊಲದಲ್ಲಿ ಸಮಾಧಿಯಾಯಿತು, ಶಿವನನ್ನು ಕೈಯಲ್ಲಿ ಕೊಟ್ಟು ಕೂಡಿಸಿದರು. ನಮ್ಮ ಕಡೆಯ ಶರಣರ ಮನೆಗಳಲ್ಲಿ ಸತ್ತರು ಎನ್ನುವುದಿಲ್ಲ, ಬಯಲಾದರು ಎನ್ನುತ್ತಾರೆ. ನೆರೆದವರೆಲ್ಲ ಹಾಗೆಯೇ ಅಂದರು. ವೈನಿ ಒಬ್ಬರು ಅನ್ನಲಿಲ್ಲ.

ಕೆಲವು ದಿನಗಳ ಮೇಲೆ ನಸುಕಿನಲ್ಲಿ ನೋಡುತ್ತೇನೆ, ವೈನಿ ಕೊಡ ಹಿಡಿದು ಕಟ್ಟೆಯ ಕಲ್ಲಿಗೆ ನೀರು ಹೊಯ್ಯುತ್ತಿದ್ದಾರೆ. ತೊಳೆಯುವವರ ಹಾಗಲ್ಲ, ನಿಧಾನವಾಗಿ, ಸಣ್ಣ ಧಾರೆಯಲ್ಲಿ, ಅವರು ಕೂರುತ್ತಿದ್ದ ಆ ಒಂದು ಫರಸಿಗೆ ಮಾತ್ರ.

“ಬಿಸಿ ಅದ ಮಾಸ್ತರ್ರ. ಮುಟ್ಟಿ ನೋಡ್ರಿ.”

ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಪಕ್ಕದ ಕಲ್ಲು ಮುಟ್ಟಿದೆ: ಮಂಜಿನ ಹಾಗೆ. ಆ ಕಲ್ಲು ಮುಟ್ಟಿದೆ. ಇಳಿಸಿ ಸ್ವಲ್ಪ ಹೊತ್ತಾದ ಹಂಚಿನ ಬಿಸಿ. ನಾನು ವಿಚಾರವಂತನೆಂದು ಊರಲ್ಲಿ ಹೆಸರು ಪಡೆದವನು. ಆದ್ದರಿಂದ ಕಲ್ಲಿನ ಕೆಳಗೆ ಏನಾದರೂ ಇರಬಹುದು, ಇರುವೆ ಗೂಡಿರಬಹುದು ಎಂದು ಗಂಭೀರವಾಗಿ ಒಂದು ಮಾತು ಹೇಳಿ ಮನೆಗೆ ಬಂದು ಕಂಬಳಿ ಹೊದ್ದುಕೊಂಡೆ. ವೈನಿ ನೀರು ಹಾಕುವುದು ಬಿಡಲಿಲ್ಲ. ಮುಂಜಾನೆ, ಮಧ್ಯಾಹ್ನ. ಯಾರಾದರೂ ಕೇಳಿದರೆ, “ಅದು ಸಾಕು ಅನ್ನೂತನಕ,” ಎನ್ನುತ್ತಿದ್ದರು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ನಾನು ಅವರ ಪಡಸಾಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದೆ. ವೈನಿಯ ಮೊಬೈಲಿಗೆ ಕರೆ ಬಂತು. ವೈನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. ದನಿ ಹೊರಗೆ ಕೇಳುವ ಹಾಗೆ ಮಾಡಿ ನೆಲದ ಮೇಲೆ ಇಟ್ಟರು. ಅದರೊಳಗಿನಿಂದ ಮೊದಲು ಬಂದದ್ದು ಮನುಷ್ಯರ ದನಿಯಲ್ಲ. ಜೇನುಹುಟ್ಟಿನಂಥ ಒಂದು ದೊಡ್ಡ ಗುಂಯ್ ಶಬ್ದ.

“ಕಾಕೀ, ನಾ ನೆಲೋಗಿಯಾಂವ. ಕಾಕಾನ ಕೈಕೆಳಗ ಇದ್ದಾಂವ. ಖಬರ ತಡಾ ತಿಳೀತು. ಮತ್ತ ಇಲ್ಲೇ ಬಂದೇನಿ.”

“ಹೇಳಪ್ಪಾ.”

“ಮುದುಕಿನ್ನ ಚಾಲೂ ಮಾಡಾಕತ್ತೀವಿ. ಕೆಳಗಿನ ಕೋಣಿ ಬೀಗಾ ತೆಗದ್ವಿ. ಕವಾಟಕ್ಕ ಇನ್ನೂ ಕಾಕಾನ ಚೀಟಿ ಅದ. ಬಣ್ಣ ಸುದ್ದಾ ಹೋಗಿಲ್ಲ. ನನ್ನ ಜೀವಕ್ಕ ಕಟ್ಟಿದ ಚೀಟಿ ಕಾಕಿ. ನಾ ಹೊರಗ ಬಂದು ಚಹಾ ಕುಡ್ಯಾಕ ಹೋಗಿದ್ದೆ.”

ಅವನು ವಿವರಿಸಿದ. ಚೀಟಿ ಇರುವ ತನಕ ಘಟಕ ಚಾಲೂ ಆಗುವಂತಿಲ್ಲ. ಕಟ್ಟಿದವರು ಇಲ್ಲದಿದ್ದರೆ, ಅವರ ಕಡೆಯವರನ್ನು ಕೇಳಿ, ಅವರು ಒಳಗೆ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕತ್ತರಿಸಬೇಕು.

“ತೀರಿಕೊಂಡಾರ ಅಂತ ಗೊತ್ತದಲ್ಲಪ್ಪಾ ನಿಮಗ,” ಎಂದೆ ನಾನು.

“ಗೊತ್ತದ್ರಿ. ಆದ್ರ ನಿಯಮದಾಗ ಅದಕ್ಕ ಜಾಗಾ ಇಲ್ರಿ. ಒಳಗ ಅದಾರ, ಇಲ್ಲಾ ಹೊರಗ ಅದಾರ, ಎರಡಽ.” ಅವನು ಒಮ್ಮೆ ಕೆಮ್ಮಿ, ಬೇರೊಂದು ದನಿಯಲ್ಲಿ, ಕೆಲಸದ ದನಿಯಲ್ಲಿ ಕೇಳಿದ: “ಕಾಕಿ, ಕಾಕಾ ಎಲ್ಲಿ ಅದಾರ?”

ವೈನಿ ಬಾಗಿಲಾಚೆ ಕಟ್ಟೆಯ ಕಡೆ ನೋಡಿದರು. ಇಷ್ಟು ದಿನ ಅನ್ನದೆ ಇಟ್ಟುಕೊಂಡಿದ್ದ ಮಾತನ್ನು ಅಂದರು.

“ಬಯಲಾಗ್ಯಾರಪ್ಪಾ.”

“ಬಯಲಾಗ್ಯಾರ,” ಎಂದು ಅವನು ತಿರುಗಿ ಹೇಳಿದ.

ಅವನ ಪಕ್ಕದಲ್ಲಿ ಯಾರೋ ಸಾಹೇಬರಿದ್ದರು. “ಬಯಲಾ? ಮತಲಬ್?” ಎಂಬ ದನಿ ಕೇಳಿಸಿತು.

“ಬಾಹರ್, ಸಾಬ್. ಖುಲೇ ಮೇಂ.”

“ತೋ ಬಾಹರ್ ಲಿಖೋ.”

ನನ್ನ ಇಡೀ ವೃತ್ತಿಜೀವನದಲ್ಲಿ ಆ ಪದಕ್ಕೆ ನಾನು ಪುಟಗಟ್ಟಲೆ ಅರ್ಥ ಬರೆಯಿಸಿದ್ದೇನೆ. ‘ಹೊರಗೆ, ತೆರೆದ ಜಾಗದಲ್ಲಿ’ ಎಂಬ ಅವನ ಹಿಂದಿಯ ಅರ್ಥದಲ್ಲಿ ತಿದ್ದುವಂಥದ್ದೇನೂ ನನಗೆ ಕಾಣಲಿಲ್ಲ.

ಆಮೇಲೆ ಆ ಕಡೆ ಸುಮ್ಮನಾದರು. ಗುಂಯ್ ಶಬ್ದ ಮಾತ್ರ. ಅವನು ಕಾಯುತ್ತಿದ್ದ. ಏನನ್ನು ಕಾಯುತ್ತಿದ್ದಾನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಅನ್ನಬೇಕಾದವನು ನಾನಲ್ಲವೆಂದೂ ನನಗೆ ಗೊತ್ತಿತ್ತು. ವೈನಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಒಮ್ಮೆ ಉಸಿರು ತೆಗೆದುಕೊಂಡು ಬಿಟ್ಟರು. ಮತ್ತೊಮ್ಮೆ ತೆಗೆದುಕೊಂಡರು.

“ಸರಿ,” ಎಂದರು.

ಫೋನಿನೊಳಗೆ ಕತ್ತರಿಯ ಸದ್ದು. ದಾರ ಕತ್ತರಿಸಿದ ಸದ್ದು ಅಷ್ಟು ದೂರಕ್ಕೆ ಅಷ್ಟು ಸ್ಪಷ್ಟವಾಗಿ ಕೇಳಿಸೀತೆಂದು ನಾನು ತಿಳಿದಿರಲಿಲ್ಲ. ನಮ್ಮ ಮನೆಯ ಕಡೆಯಿಂದ, ಗೋಡೆಯಾಚೆ, ಟಕ್ಕೆಂದು ಇನ್ನೊಂದು ಸಣ್ಣ ಸದ್ದು ಆಯಿತು. ಗಡಿಯಾರದ್ದೇ ಎಂದು ನಾನು ಆಣೆ ಮಾಡಿ ಹೇಳಲಾರೆ.

ವೈನಿ ಎದ್ದು, ಮಧ್ಯಾಹ್ನದ ನೀರು ಹಾಕುವ ಹೊತ್ತಾಗಿತ್ತಾದ್ದರಿಂದ, ತುಂಬಿದ ಕೊಡ ತೆಗೆದುಕೊಂಡು ಹೊರಗೆ ಹೋದರು. ನಾನೂ ಹೋದೆ. ಬಿಸಿಲು ಕಟ್ಟೆಯ ಮೇಲೆ ನೆಟ್ಟಗೆ ಬಿದ್ದಿತ್ತು. ಉಳಿದ ಕಲ್ಲುಗಳ ಮೇಲೆ ಕಾವಿಗೆ ಗಾಳಿಯೇ ನಡುಗುತ್ತಿತ್ತು. ವೈನಿ ಕೊಡ ಓರೆ ಮಾಡಿದವರು, ಏನೋ ಅನುಮಾನ ಬಂದು, ನೆಟ್ಟಗೆ ಮಾಡಿ ಕೆಳಗಿಟ್ಟರು. ಬಾಗಿ ಕೈಯ ಹಿಂಬದಿಯನ್ನು ಆ ಕಲ್ಲಿನ ಮೇಲೆ ಇಟ್ಟರು.

“ತಣ್ಣಗ ಅದ,” ಎಂದರು.

ನಾನೂ ಇಟ್ಟು ನೋಡಿದೆ.

“ತಣ್ಣಗ ಅದ,” ಎಂದೆ, ಯಾರೂ ಹೇಳಿಕೊಡದೆ.

ವೈನಿ ಕೊಡ ಎತ್ತಿ, ನೀರನ್ನೆಲ್ಲ ಬಾಗಿಲ ಪಕ್ಕದ ಮಲ್ಲಿಗೆಯ ಬುಡಕ್ಕೆ ಹೊಯ್ದು, ಒಳಗೆ ಹೋದರು.